ರುದ್ರಮ್ಮನ ಹೋಂಸ್ಟೇ ಪುಟ

"ಮುಂದಕ್ಕೆ ನೀವು ನನ್ನ ಕೇಳೋ ಹಂಗೇ ಇರಲ್ಲ ರುದ್ರಕ್ಕ. ನಿಮ್ಮ ವೆಬ್‌ಸೈಟ್ ನೀವೇ ಬದಲಾಯಿಸ್ಕೊಳ್ಳೋ ಹಂಗೆ ಮಾಡಿಕೊಡ್ತೀನಿ" ಎಂದು ನಯನಾ ಮಾತು ಕೊಟ್ಟಿದ್ದು ತನ್ನ ಮಗಳು ಸಿರಿ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಾಗ. ಈಗ ಸಿರಿ ಐದನೇ ಕ್ಲಾಸು. ಅಷ್ಟು ವರ್ಷವೂ ಹಳೇಬೀಡಿನ ಆ ಪುಟ್ಟ ಹೋಂಸ್ಟೇಯಲ್ಲಿ ಅಡುಗೆ ಬದಲಾದರೂ, ಬಾಡಿಗೆ ಏರಿದರೂ ರುದ್ರಮ್ಮ ಅರಸೀಕೆರೆಯಲ್ಲಿದ್ದ ನಯನಾಗೆ ಫೋನ್ ಮಾಡಬೇಕು; ಅವಳು ಒಲೆ ಸಣ್ಣ ಮಾಡಿ ಬಂದು, ಕೋಡ್ ತೆರೆದು ತಿದ್ದಬೇಕು. ಒಂದೊಂದು ಸಾಲನ್ನೂ ಅವಳೇ ಕೈಯಾರೆ ಬರೆದ ಪುಟ ಅದು. ಜಾವಗಲ್ ದಾಟಿದ ಬಸ್ಸಿನಲ್ಲಿ ಸಿಗ್ನಲ್ ಸಾಯುತ್ತಿದ್ದರೂ ತಟ್ಟನೆ ತೆರೆದುಕೊಳ್ಳುತ್ತಿತ್ತು.

ಕೊನೆಗೂ ಒಂದು ಭಾನುವಾರ ನಯನಾ ಅದನ್ನೆಲ್ಲ ಹೊಸ ಎಡಿಟರ್ ತಂತ್ರಾಂಶಕ್ಕೆ ಹಾಕಿಕೊಂಡು ಹಳೇಬೀಡಿಗೆ ಬಂದಳು. ಇದರಲ್ಲಿ ಕೋಡ್ ಬೇಡ. ಚಿತ್ರ ಹಿಡಿದು ಎಳೆದರೆ ಬೇಕಾದಲ್ಲಿ ಕೂರುತ್ತದೆ.

ರುದ್ರಮ್ಮ ಸೆರಗಿಗೆ ಕೈ ಒರೆಸಿಕೊಂಡು ಮೌಸ್ ಹಿಡಿದಳು. ಕೋಣೆಗಳ ಚಿತ್ರ ಕೆಳಗೆ ಹೋಯಿತು. ಮುದ್ದೆ, ಬಸ್ಸಾರಿನ ತಟ್ಟೆ ಪರದೆ ತುಂಬ ಬಂದು ನಿಂತಿತು. ಅಕ್ಷರವೆಲ್ಲ ಹಳದಿ.

"ನೋಡೇ, ಹೆಂಗೈತೆ! ಬೇಲೂರಿಂದ ಬರೋರು ಕಲ್ಲು ನೋಡಿ ನೋಡಿ ಹಸ್ಕೊಂಡ್ ಬತ್ತಾರೆ. ಹಾಸಿಗೆ ತೋರ್ಸಿದ್ರೆ ಹೊಟ್ಟೆ ತುಂಬ್ತದಾ?"

"ಚೆನ್ನಾಗಿದೆ ಅಕ್ಕ. ಹಳದಿ ಒಂಚೂರು..."

"ನಿಂಗೆ ಬೂದಿ ಬಣ್ಣನೇ ಇಷ್ಟ ಕಣೇ. ನಿಂದು ತಿಥಿ ಕಾರ್ಡ್ ಇದ್ದಂಗಿತ್ತು!"

ನಯನಾ ನಕ್ಕಳು. ಮೇಜಿನ ಕೆಳಗೆ ಕಾಲು ಅಲ್ಲಾಡುತ್ತಲೇ ಇತ್ತು. ಸಿರಿಯ ಫೋನು ಬಂತು: "ಅಮ್ಮಾ, ಬಸ್ ಹತ್ತಿದ್ಯಾ?"

"ಹತ್ತುತೀನಿ ಪುಟ್ಟಾ. ಬಾಗಿಲು ಹಾಕ್ಕೊಂಡಿದ್ದೀಯ ತಾನೆ?"

ರುದ್ರಮ್ಮ ಕಾಫಿ ತರಲು ಒಳಗೆ ಹೋದಳು. ನಯನಾ ಹಳದಿ ಅಳಿಸಿದಳು. ಕೋಣೆಗಳನ್ನು ಮೇಲಕ್ಕೆ ಎಳೆದು, ಆ ಭಾಗ ಅಲುಗಾಡದಂತೆ ಬೀಗದ ಗುರುತು ಒತ್ತಿದಳು. ಆ ಬೀಗವನ್ನು ಅವಳೊಬ್ಬಳೇ ತೆಗೆಯಬಹುದು. ಬಾಡಿಗೆಯ ಸಾಲಿಗೆ ಬೀಗ ಏಕೆ ಎಂದು ತನ್ನನ್ನೇ ಕೇಳಿಕೊಳ್ಳುವ ಮೊದಲೇ ಅದಕ್ಕೂ ಬೀಗ ಬಿದ್ದಿತ್ತು.

ಕಾಫಿ ಹಿಡಿದು ಬಂದ ರುದ್ರಮ್ಮ ಪರದೆ ನೋಡಿದಳು. "ಅಯ್ಯೋ, ನನ್ ತಟ್ಟೆ ಎಲ್ಲೋಯ್ತು?"

"ಮೇಲಿನ ಭಾಗ ಇದ್ರಲ್ಲಿ ಹಂಗೇ ಇರೋದು ಅಕ್ಕ. ಅಲ್ಲಾಡ್ಸಕ್ಕಾಗಲ್ಲ."

ರುದ್ರಮ್ಮ ಎಳೆದಳು. ಮತ್ತೆ ಎಳೆದಳು. "ಆಗ ಎಳುದ್ರೆ ಬಂತಲ್ಲೇ?"

"ಒಂದೊಂದ್ ಸಲ ಹಂಗಾಗುತ್ತೆ."

"ಬಾಡಿಗೆ?"

"ಅದೂ ಅಷ್ಟೇ. ಬದಲಾಯಿಸ್ಬೇಕಾದ್ರೆ ಫೋನ್ ಮಾಡಿ, ನಾನಿದ್ದೀನಲ್ಲ."

ರುದ್ರಮ್ಮ ಮೌಸ್ ಬಿಟ್ಟಳು. "ಆಯ್ತು ಬುಡು. ಕಾಫಿ ಆರೋಯ್ತದೆ, ಕುಡಿ."

ನಯನಾ ಕುಡಿದು ಬಸ್ ಹತ್ತಿದಳು. ಕೊಟ್ಟ ಮಾತನ್ನು ಅವಳು ಉಳಿಸಿಕೊಳ್ಳಲಿಲ್ಲ.