ತಗ್ಗಿನ ಸ್ವರ

ಸಿರ್ಕ ರೆಕಾರ್ಡಿನ ಮೇಲಿದ್ದ ಮುಳ್ಳನ್ನು ಎತ್ತಿ ಮತ್ತೆ ಮೊದಲಿಗೆ ತಂದಿಟ್ಟಳು. ಫಿನ್ಲೆಂಡಿನ ಟಾಂಪೆರೆ ಊರಿನ ಸ್ಮಶಾನದ ಪ್ರಾರ್ಥನಾ ಮಂದಿರದಲ್ಲಿ ಗಾಯಕಿಯ ಕಂಠವೊಂದೇ ಎದ್ದಿತು. ಆ ಕಂಠದ ಅಡಿಯಲ್ಲಿ ಡಬಲ್ ಬೇಸ್ ಎಂಬ ಆಳೆತ್ತರದ ಮರದ ತಂತಿವಾದ್ಯ ನುಡಿಸಿದ್ದ ಅಪ್ಪ ರೌನೊ ಈ ಸಲವೂ ಕೇಳಿಸಲಿಲ್ಲ. ಅವನು ಎದುರಿಗೇ, ಪೈನ್ ಮರದ ಶವಪೆಟ್ಟಿಗೆಯಲ್ಲಿ ಮಲಗಿದ್ದ.

"ಜನ ಬರೋ ಹೊತ್ತಾಯ್ತು, ಬಿಡೇ," ಎಂದಳು ತಾಯಿ ಕೆರ್ತ್ತು. "ಬದುಕಿದ್ದಾಗ್ಲೇ ಯಾರ ಕಿವಿಗೂ ಬೀಳ್ಲಿಲ್ಲ. ಈಗ ಬೀಳ್ತಾನಾ?"

"ಇವತ್ತೊಂದಿನ ಬೀಳ್ಬೇಕಮ್ಮ."

"ಇಷ್ಟು ಪುಟ್ಟ ಸ್ಪೀಕರ್‌ನಲ್ಲಿ ತಗ್ಗಿನ ಸ್ವರ ಬರಲ್ಲ ಮಗಾ," ಎಂದ ಓಲವಿ. ರೌನೊ ನುಡಿಸಿದ್ದನ್ನೆಲ್ಲ ಸ್ಟುಡಿಯೋದಲ್ಲಿ ಮುದ್ರಿಸಿಕೊಂಡವನು ಅವನೇ. ಟ್ಯಾಂಗೊ, ಜಾಝ್, ರಾಕ್, ದೇವರ ಹಾಡು. ಯಾವ ರೆಕಾರ್ಡಿನ ಹೊದಿಕೆಯ ಮೇಲೂ ರೌನೊನ ಹೆಸರಿರಲಿಲ್ಲ.

*

ಚಿಕ್ಕವಳಿದ್ದಾಗ ಸಿರ್ಕ ಗೆಳತಿಯರನ್ನು ರೇಡಿಯೋ ಮುಂದೆ ಕೂರಿಸಿದ್ದಳು. "ನಮ್ಮಪ್ಪ ಬಾರಿಸ್ತಿರೋದು, ಕೇಳ್ರೇ."

"ಎಲ್ಲಿ? ಸುಳ್ಳಿ!" ಎಂದು ನಕ್ಕು ಅವರು ಆಟಕ್ಕೆ ಓಡಿದರು.

ಅಪ್ಪ ಆಲೂಗಡ್ಡೆ ಸುಲಿಯುತ್ತಿದ್ದ. "ಅವರಿಗೆ ಹಾಡು ಕೇಳಿಸ್ತಲ್ಲ, ಸಾಕು ಬಿಡು ಪುಟ್ಟಿ," ಎಂದ. ಸುಲಿಯುತ್ತ ಸುಲಿಯುತ್ತ ಕೈಯಲ್ಲಿದ್ದ ಆಲೂಗಡ್ಡೆ ಗೋಲಿಯಷ್ಟಾದದ್ದು ಅವನಿಗೆ ತಿಳಿಯಲೇ ಇಲ್ಲ.

*

ಬಂದವರು ಒಬ್ಬೊಬ್ಬರಾಗಿ ಪೆಟ್ಟಿಗೆಯ ಮೇಲೆ ಹೂವಿಟ್ಟರು, ಹೂಗುಚ್ಛಕ್ಕೆ ಕಟ್ಟಿದ ಪಟ್ಟಿಯಲ್ಲಿದ್ದ ಸಾಲನ್ನು ಗಟ್ಟಿಯಾಗಿ ಓದಿ ಬೆಂಚಿಗೆ ಮರಳಿದರು. ಸಿರ್ಕ ರೆಕಾರ್ಡ್ ಹಾಕಿದಳು.

"ಎಂಥ ಕಂಠ ಕಣೇ. ಯಾರದು?" ಯಾರೋ ಪಕ್ಕದವಳನ್ನು ಕೇಳಿದರು.

ಸಿರ್ಕ ತಲೆ ತಗ್ಗಿಸಿದಳು.

ಓಲವಿ ಎದ್ದ. ಉದ್ದಕ್ಕೂ ತಂತಿ ಎಳೆದುಕೊಂಡು ಸ್ಪೀಕರ್ ತಂದ. ಹೂಗಳನ್ನು ಅತ್ತಿತ್ತ ಸರಿಸಿ, ಅದನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ ಬೋರಲಾಗಿ ಮಲಗಿಸಿದ.

"ಏನ್ರೀ ಇದು, ತೀರಿಕೊಂಡವರ ಮೇಲೆ?" ಪಾದ್ರಿ ಧಾವಿಸಿ ಬಂದರು.

"ಮರ ನುಡಿಯುತ್ತೆ ಫಾದರ್. ಸ್ವಲ್ಪ ತಡೀರಿ."

ಪಾದ್ರಿ ಕೆರ್ತ್ತುವಿನ ಕಡೆ ನೋಡಿದರು.

"ಇರ್ಲಿ ಬಿಡಿ," ಎಂದಳು ಅವಳು, ಮುಖವೆತ್ತದೆ.

ಗಾಯಕಿಯ ಕಂಠ ಮರಕ್ಕೆ ಒತ್ತಿಕೊಂಡು ಮಂಕಾಯಿತು. ಆಮೇಲೆ ಪೆಟ್ಟಿಗೆಯ ಒಳಗಿಂದಲೇ ಬಂದಂತೆ ಒಂದು ಸ್ವರ, ಅದರ ಹಿಂದೆ ಇನ್ನೊಂದು, ಅವಸರವಿಲ್ಲದೆ ನಡೆಯತೊಡಗಿದವು. ಬಗ್ಗಿಸಿದ ತಲೆಯನ್ನು ಸಿರ್ಕ ಎತ್ತಲಿಲ್ಲ. ಬೆಂಚುಗಳ ಕೆಳಗೆ, ಕರಗಿದ ಹಿಮದ ನೀರಿನಲ್ಲಿ, ಮುದುಕ ಮುದುಕಿಯರ ಕರಿ ಬೂಟುಗಳ ತುದಿಗಳು ಆ ನಡೆಗೆ ಸಾಲುಸಾಲಾಗಿ ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಇಳಿಯುತ್ತಿದ್ದವು.