ಅಡುಗೆಮನೆಯ ಚಿತ್ರಕ್ಕೆ ಸೊನ್ನೆ

ಸೋಮವಾರ ಬಂತೆಂದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಅಂದು ಮಕ್ಕಳು ಚಿತ್ರಕಲೆಯ ಹೋಂವರ್ಕ್ ತಂದು ನನ್ನ ಮೇಜಿನ ಮೇಲೆ ಒಟ್ಟುತ್ತಾರೆ. ಮಕ್ಕಳು ಎಂದೆನಲ್ಲ, ತರುವವರು ಮಾತ್ರ ಮಕ್ಕಳು. ಬಿಡಿಸಿದವರು ಅವರ ತಾಯಂದಿರು, ಚಿಕ್ಕಮ್ಮಂದಿರು, ಕಾಲೇಜಿಗೆ ಹೋಗುವ ಅಕ್ಕಂದಿರು. ಬಣ್ಣದ ಪೆನ್ಸಿಲನ್ನು ಬ್ಲೇಡಿನಿಂದ ಕೆರೆದು ಪುಡಿ ಮಾಡಿ, ಹತ್ತಿಯಲ್ಲಿ ತಿಕ್ಕಿ ನುಣ್ಣನೆಯ ಆಕಾಶ ಮಾಡುವ ವಿದ್ಯೆಯನ್ನು ಏಳು ವರ್ಷದ ಮಗುವಿಗೆ ಯಾವ ದೇವರು ಕಲಿಸಿದ? ಹಾರ್ಡ್‌ವೇರ್ ಅಂಗಡಿಯ ಕ್ಯಾಲೆಂಡರನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು ಇಳಿಸಿಕೊಂಡ ಹಂಸ ಒಂದೇ ವಾರದಲ್ಲಿ ಆರು ಫೈಲುಗಳಲ್ಲಿ ಈಜಿದ್ದೂ ಉಂಟು. ನಮ್ಮ ಬೆಟ್ಟದೂರು ಗುವಾರಂದಾದಲ್ಲಿ ಹಂಸ ಎಲ್ಲಿದೆ ಸ್ವಾಮಿ? ಚಿಂಬೊರಾಸೋ ಬೆಟ್ಟದಿಂದ ಇಳಿಯುವ ಚಳಿಗಾಳಿಗೆ ಇಲ್ಲಿ ಕೋಳಿಗಳೇ ಮುದುರಿ ಕೂರುತ್ತವೆ.

ಹತ್ತೊಂಬತ್ತು ವರ್ಷದಿಂದ ಈ ಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡುತ್ತಿದ್ದೇನೆ. ಹೇಳಿಕೊಡುತ್ತಿದ್ದೇನೆ ಎನ್ನುವುದೂ ದೊಡ್ಡ ಮಾತೇ. ಪ್ರತಿ ತರಗತಿಗೂ ವಾರಕ್ಕೆ ಎರಡು ಪೀರಿಯಡ್. ಒಂದನ್ನು ಪರೀಕ್ಷೆ ಹತ್ತಿರ ಬಂತೆಂದು ಗಣಿತದವರು ಕಸಿದುಕೊಳ್ಳುತ್ತಾರೆ. ಉಳಿದ ಒಂದರಲ್ಲಿ ತಾಯಂದಿರ ದಿನಕ್ಕೆ ಕೆಂಪು ಹೃದಯ ಕತ್ತರಿಸಬೇಕು, ವಾರ್ಷಿಕೋತ್ಸವಕ್ಕೆ ಬ್ಯಾನರ್ ಬರೆಯಬೇಕು, ಕಾರ್ನಿವಲ್ ಮೆರವಣಿಗೆಗೆ ಕಾಗದದ ಹೂ ಮಾಡಬೇಕು. ಹೆಡ್‌ಮಾಸ್ತರ್ ದೋನ್ ವಿಲ್ಫ್ರಿದೋ ಅತಿಥಿಗಳ ಮುಂದೆ ನನ್ನನ್ನು ಪರಿಚಯಿಸುವುದೇ "ಇವರು ನಮ್ಮ ಅಲಂಕಾರದ ಮೇಷ್ಟ್ರು" ಎಂದು. ಅದನ್ನು ಅವರು ಹೊಗಳಿಕೆ ಎಂದೇ ತಿಳಿದಿದ್ದಾರೆ.

ಈ ವರ್ಷ ಕೊನೆಯ ಟರ್ಮಿನಲ್ಲಿ ನಾನು ಹಠ ಹಿಡಿದೆ. ಆರನೇ ತರಗತಿಯ ಮುಂದೆ ನಿಂತು ಹೇಳಿದೆ.

"ಕಿವಿ ಕೊಟ್ಟು ಕೇಳಿ. ಈ ಸಲ ಹಂಸ ಬೇಡ, ಗುಲಾಬಿ ಬೇಡ, ಸೂರ್ಯಾಸ್ತ ಅಂತೂ ಬೇಡವೇ ಬೇಡ. ನಿಮ್ಮನೆ ಅಡುಗೆಮನೇಲಿ ಕೂತ್ಕೊಂಡು ಕಣ್ಣಿಗೆ ಕಂಡಿದ್ದನ್ನ ಕಂಡ ಹಾಗೇ ಬಿಡಿಸ್ಕೊಂಡು ಬನ್ನಿ. ಸೊಟ್ಟ ಆದ್ರೂ ಚಿಂತೆಯಿಲ್ಲ. ನಿಮ್ಮಮ್ಮ ಕೈ ಹಾಕಿದ್ರೆ ಮಾತ್ರ ಸೊನ್ನೆ. ದೊಡ್ಡ ಸೊನ್ನೆ."

"ಎಷ್ಟು ದೊಡ್ಡದು ಮೇಷ್ಟ್ರೇ?" ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ.

"ನಿನ್ನ ಬುರುಡೆಯಷ್ಟು."

ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನು ಮಾತ್ರ ನಗಲಿಲ್ಲ.

ಮುಂದಿನ ಸೋಮವಾರ ಇಪ್ಪತ್ತೆಂಟು ಅಡುಗೆಮನೆಗಳು ಬಂದವು. ಒಂದೊಂದಾಗಿ ನೋಡುತ್ತ ಹೋದಂತೆ ನನಗೆ ಅಳಬೇಕೋ ನಗಬೇಕೋ ತಿಳಿಯದಾಯಿತು. ತಾಯಂದಿರು ನನಗಿಂತ ಜಾಣರು! ಸೊನ್ನೆಗೆ ಹೆದರಿ ಅವರೆಲ್ಲ ಎಡಗೈಯಲ್ಲಿ ಬಿಡಿಸಿ ಕಳಿಸಿದ್ದರು. ಗೆರೆಗಳೆಲ್ಲ ಬೇಕೆಂದೇ ನಡುಗಿದ್ದವು. ಆನ್ಹೆಲೊ ವೆರ್ದೆಸೊತೊನ ಚಿತ್ರದಲ್ಲಿ ಮೇಜಿನ ಕಾಲುಗಳು ಅಂಕುಡೊಂಕು, ಆದರೆ ಮೇಜಿನ ಮೇಲಿನ ಕಸೂತಿಯ ಬಟ್ಟೆ ಮಾತ್ರ ಅಚ್ಚುಕಟ್ಟು. ಆ ತಾಯಿಗೆ ಕಸೂತಿ ಕೆಡಿಸಲು ಮನಸ್ಸು ಬಂದಿರಲಿಕ್ಕಿಲ್ಲ. ಅನುಮಾನವೇನೋ ಇತ್ತು, ಸಾಕ್ಷಿ ಎಲ್ಲಿಂದ ತರಲಿ? ಹಲ್ಲು ಕಡಿದುಕೊಂಡು ಹತ್ತಕ್ಕೆ ಎಂಟು ಕೊಟ್ಟೆ.

ಇಪ್ಪತ್ತಮೂರನೆಯದು ನಾಯೆಲಿ ಗೈಬೊರಳದು. ತರಗತಿಗೆ ಮೊದಲಿಗಳು ಅವಳು. ತಾಯಿ ದೋನ್ಯಾ ತಾರ್ಹೇಲಿಯಾ ಶಾಲೆಯ ಗೇಟಿನ ಬಳಿ ಬುಟ್ಟಿ ಇಟ್ಟುಕೊಂಡು ಉಮಿತಾ ಮಾರುತ್ತಾಳೆ. ಎಳೆಜೋಳ ರುಬ್ಬಿ ಅದರ ಸಿಪ್ಪೆಯಲ್ಲೇ ಕಟ್ಟಿ ಬೇಯಿಸಿದ ಆ ಉಮಿತಾವೇ ನನ್ನ ದಿನದ ತಿಂಡಿ. ಚಿತ್ರ ನೋಡಿದವನು ಕೈಯಲ್ಲಿದ್ದ ಕಾಫಿಯನ್ನು ಕೆಳಗಿಟ್ಟೆ. ಮಸಿ ಹಿಡಿದ ಗೋಡೆ. ಮೇಜಿನ ಅಂಚಿಗೆ ತಿರುಪು ಹಾಕಿ ಬಿಗಿದ ಜೋಳದ ಗಿರಣಿ, ಅದರ ಹಿಡಿಕೆಗೆ ಸುತ್ತಿದ ಚಿಂದಿ. ಕೆಳಗೆ ಮನೆಯಲ್ಲಿ ಸಾಕಿದ, ಮೊಲದ ಮರಿಯಂಥ ಐದು ಗಿನಿ ಹಂದಿಗಳು ಸೊಪ್ಪು ತಿನ್ನುತ್ತಿವೆ, ಒಂದು ಬೆನ್ನು ತಿರುಗಿಸಿ ಕೂತಿದೆ. ಬಾಗಿಲಿನಿಂದ ಬಂದ ಬೆಳಕು ದೊಡ್ಡ ಪಾತ್ರೆಯ ಒಂದು ಮಗ್ಗುಲಿಗೆ ಮಾತ್ರ ಬಿದ್ದಿದೆ. ಹತ್ತಿ ಇಲ್ಲ, ಕ್ಯಾಲೆಂಡರ್ ಇಲ್ಲ. ನೋಡಿ ನೋಡಿ ಬಿಡಿಸಿದ್ದು.

ಹತ್ತು ವರ್ಷದ ಹುಡುಗಿಯ ಕೈ ಇದಲ್ಲ ಎನ್ನಲು ಜಾಣತನವೇನೂ ಬೇಕಿರಲಿಲ್ಲ. ಮಿಕ್ಕವರು ನಟಿಸುವ ಮರ್ಯಾದೆಯನ್ನಾದರೂ ತೋರಿಸಿದ್ದರು, ಇವಳ ಮನೆಯವರು ನನ್ನನ್ನು ಕುರುಡ ಎಂದುಕೊಂಡರೇ? ಮೈಯೆಲ್ಲ ಉರಿಯಿತು. ದೊಡ್ಡ ಸೊನ್ನೆ ಹಾಕಿ, ಕೆಳಗೆ "ಅಮ್ಮನ ಕೈ" ಎಂದು ಬರೆದೆ.

ಬುಧವಾರ ದೋನ್ ವಿಲ್ಫ್ರಿದೋ ಏದುಸಿರು ಬಿಡುತ್ತ ನನ್ನ ಕೋಣೆಗೆ ಬಂದರು. ಹತ್ತೊಂಬತ್ತು ವರ್ಷದಲ್ಲಿ ಅವರು ಆ ಕೋಣೆಗೆ ಕಾಲಿಟ್ಟದ್ದು ಅದು ಎರಡನೆಯ ಸಲವೋ ಮೂರನೆಯ ಸಲವೋ.

"ಏನ್ರೀ ಮಾಡಿಟ್ರಿ ಎಫ್ರಾಯಿನ್? ಬಾವುಟ ಹೋಯ್ತಲ್ರೀ!"

ಬಾವುಟ ಎಂದರೆ ನಮ್ಮೂರಲ್ಲಿ ಹುಡುಗಾಟವಲ್ಲ. ಎರಡನೇ ತರಗತಿಯಿಂದ ಆರನೆಯವರೆಗಿನ ಎಲ್ಲ ಅಂಕಗಳನ್ನೂ ಕೂಡಿ ಸರಾಸರಿ ತೆಗೆದು, ಮೊದಲು ಬಂದ ಮಗುವಿನ ಕೈಗೆ ಏಳನೆಯ ತರಗತಿಯಲ್ಲಿ ರಾಷ್ಟ್ರಧ್ವಜ ಕೊಡುತ್ತಾರೆ. ಸೆಪ್ಟೆಂಬರಿನ ಧ್ವಜಪ್ರತಿಜ್ಞೆಯ ದಿನ ಇಡೀ ಊರು ನೋಡುತ್ತಿರುವಾಗ ಮಿಕ್ಕ ಮಕ್ಕಳೆಲ್ಲ ಮೊಣಕಾಲೂರಿ ಅದಕ್ಕೆ ಮುತ್ತಿಡುತ್ತಾರೆ. ಎರಡನೆಯವರಿಗೆ ನಗರದ ಧ್ವಜ ಸಿಗುತ್ತದೆ, ಅದನ್ನು ಹಿಡಿದವರು ಯಾರೆಂದು ಮರುದಿನ ಯಾರಿಗೂ ನೆನಪಿರುವುದಿಲ್ಲ. ನಾಯೆಲಿ ಕೂದಲೆಳೆಯಷ್ಟು ಮುಂದಿದ್ದಳು. ನನ್ನ ಸೊನ್ನೆ ಅವಳನ್ನು ಆನ್ಹೆಲೊನ ಹಿಂದಕ್ಕೆ ತಳ್ಳಿತ್ತು.

"ಬುಟ್ಟಿ ವ್ಯಾಪಾರದವರ ಮಗಳೊಬ್ಬಳು ಬಾವುಟ ಹಿಡಿಯೋದು ನಮ್ಮ ಶಾಲೇಲಿ ಇದೇ ಮೊದಲು," ಎಂದರು. "ಆ ಮಗು ರಾತ್ರಿ ಹಗಲು ಓದಿದೆ. ಹತ್ತು ಹಾಕಿಬಿಡಿ ಮಾರಾಯ್ರೇ. ಚಿತ್ರಕಲೆ ಮಾರ್ಕನ್ನ ಯಾರು ನೋಡ್ತಾರೆ?"

"ಯಾರೂ ನೋಡಲ್ಲ ಅಂದ್ರೆ ನೀವ್ಯಾಕೆ ಓಡಿ ಬಂದ್ರಿ?"

"ಹಟ ಮಾಡ್ಬೇಡಿ."

"ಹಟ ಅಲ್ಲ ದೋನ್ ವಿಲ್ಫ್ರಿದೋ. ಗಣಿತದ ಪೇಪರನ್ನ ಅವರಮ್ಮ ಬರೆದಿದ್ರೆ ಹತ್ತು ಹಾಕಿ ಅಂತಿದ್ರಾ? ನನ್ನ ಪಾಠ ಅಂದ್ರೆ ಮಾತ್ರ ಬಿಟ್ಟಿ ಬಿದ್ದಿದೆಯಾ?"

ನನಗೇ ಸ್ವಲ್ಪ ಅತಿಯಾಯಿತೆನಿಸಿತು. ಕಡೆಗೆ ಒಂದು ದಾರಿ ಹೇಳಿದೆ. ಹುಡುಗಿ ನನ್ನ ಕಣ್ಣೆದುರು ಕೂತು ಅಡುಗೆಮನೆ ಬಿಡಿಸಲಿ, ಅದಕ್ಕೆ ಸಲ್ಲುವ ಅಂಕವನ್ನು ಸೊನ್ನೆಯ ಜಾಗದಲ್ಲಿ ಬರೆಯುತ್ತೇನೆ. ಅವರು ಅಲ್ಲೇ ಬೆರಳೆಣಿಸಿ ಲೆಕ್ಕ ಹಾಕಿದರು. ಏಳು ಬಂದರೆ ಸಾಕು, ಬಾವುಟ ಅವಳದೇ. ಶುಕ್ರವಾರ ಮಧ್ಯಾಹ್ನದೊಳಗೆ ಅಂಕಪಟ್ಟಿ ಅವರ ಕೈ ಸೇರಬೇಕಿತ್ತು.

ಗುರುವಾರ ಶಾಲೆ ಬಿಟ್ಟ ಮೇಲೆ ನಾಯೆಲಿ ಬಂದಳು. ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿಕೊಂಡಿದ್ದಳು. ಒಳ್ಳೆಯ ಕಾಗದ ಕೊಟ್ಟೆ, ನನ್ನದೇ ಪೆನ್ಸಿಲ್ ಕೊಟ್ಟೆ. ಏಳು ಬರಲಿ ದೇವರೇ ಎಂದು ನಾನೂ ಮನಸ್ಸಿನಲ್ಲೇ ಬೇಡಿಕೊಂಡೆ, ಸುಳ್ಳೇಕೆ ಹೇಳಲಿ. ಅವಳು ಮೊದಲು ಸ್ಕೇಲು ತೆಗೆದು ಕಾಗದದ ಸುತ್ತ ಮಾರ್ಜಿನ್ ಎಳೆದಳು. ಬಣ್ಣ ಹಾಕಿ ಮುಗಿಸಲು ಮುಕ್ಕಾಲು ಗಂಟೆ ತೆಗೆದುಕೊಂಡಳು.

ನೋಡಿದೆ. ಒಂದು ಚೌಕ, ಅದರ ಮೇಲೆ ತ್ರಿಕೋನದ ಮಾಡು. ಮೂಲೆಯಲ್ಲಿ ನಗುವ ಸೂರ್ಯ. ಒಂದನೇ ತರಗತಿಯ ಮಕ್ಕಳು ಬಿಡಿಸುವ ಮನೆ.

"ಅಡುಗೆಮನೆ ಎಲ್ಲಮ್ಮ?"

"ಒಳಗಿದೆ ಮೇಷ್ಟ್ರೇ."

ತಲೆ ಚಚ್ಚಿಕೊಳ್ಳುವಂತಾಯಿತು. "ನಾಯೆಲಿ, ಇದೇನಿದು? ಐದು ವರ್ಷ ನನ್ನ ಕ್ಲಾಸಲ್ಲಿ ಕೂತಿದೀಯ. ಏನೂ ಕಲೀಲಿಲ್ವಾ?"

ಅವಳ ಕಣ್ಣಲ್ಲಿ ನೀರು ತುಂಬಿತ್ತು, ದನಿ ಮಾತ್ರ ನಡುಗಲಿಲ್ಲ. "ನೀವು ಪ್ರತೀಸಲ ಹತ್ತು ಕೊಡ್ತಿದ್ರಲ್ಲ. ಹತ್ತು ಬಂದ ಮೇಲೆ ಕಲಿಯೋದೇನಿರುತ್ತೆ?"

ಐದು ವರ್ಷ ಆ ಹಂಸಗಳಿಗೆ, ಆ ಗುಲಾಬಿಗಳಿಗೆ ಹತ್ತು ಕೊಟ್ಟವನು ನಾನೇ. ಅವಳಿಗೆ ಮಾತ್ರವೇ? ಊರಿನ ಅಮ್ಮಂದಿರಿಗೆಲ್ಲ ಕೊಟ್ಟಿದ್ದೇನೆ. ಜಗಳ ಯಾರಿಗೆ ಬೇಕು, ಹತ್ತು ಹಾಕಿದರೆ ಯಾರೂ ಗೇಟಿನ ಹತ್ತಿರ ಅಡ್ಡಗಟ್ಟಿ ಕೇಳುವುದಿಲ್ಲ. ಸೋಮಾರಿತನವನ್ನೇ ಒಳ್ಳೆಯತನವೆಂದು ನಂಬಿಕೊಂಡು ಬಂದಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಅವಳನ್ನು ಮನೆಗೆ ಕಳಿಸಿ ಕಾಗದದ ಹಿಂದೆ ನಾಲ್ಕು ಎಂದು ಬರೆದೆ. ಅದೂ ಧಾರಾಳವಾಯಿತು.

ಶುಕ್ರವಾರ ಬೆಳಿಗ್ಗೆ ಗೇಟಿನ ಬಳಿ ಬುಟ್ಟಿ ಇರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ದೋನ್ಯಾ ತಾರ್ಹೇಲಿಯಾ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ತಲೆಯ ಮೇಲಿನ ಫೆಲ್ಟ್ ಹ್ಯಾಟು ತೆಗೆದು ಕೈಯಲ್ಲಿ ಹಿಡಿದಿದ್ದಳು. ಇನ್ನೊಂದು ಕೈಯಲ್ಲಿ ಆ ಚಿತ್ರ. ನಾಯೆಲಿ ಹೊರಗೆ ಜಗಲಿಯಲ್ಲಿ ಕೂತಿದ್ದಳು. ಬಂತಪ್ಪ ಜಗಳ ಎಂದು ನಾನು ಮೈ ಬಿಗಿ ಮಾಡಿಕೊಂಡೆ.

"ಕೂತ್ಕೊಳ್ಳಿ. ಮೊದಲೇ ಹೇಳಿಬಿಡ್ತೀನಿ, ಇದನ್ನ ನಾಯೆಲಿ ಬಿಡಿಸಿಲ್ಲ."

"ಇಲ್ಲ ಮೇಷ್ಟ್ರೇ. ನಾನೇ ಬಿಡಿಸಿದ್ದು."

ಇಷ್ಟು ಸಲೀಸಾಗಿ ಒಪ್ಪಿಕೊಂಡರೆ ಜಗಳ ಆಡುವುದು ಹೇಗೆ?

"ಎರಡನೇ ಕ್ಲಾಸಿಂದ ಎಲ್ಲಾನೂ ನಾನೇ ಬಿಡಿಸಿರೋದು," ಎಂದಳು. "ನೀನು ಲೆಕ್ಕ ಮಾಡ್ಕೋ, ಇದನ್ನ ನಾನು ಮಾಡ್ತೀನಿ ಅಂತ ಅವಳ ಕೈಯಿಂದ ಕಿತ್ಕೊತಿದ್ದೆ. ಬಾವುಟ ಹೋದ್ರೆ ಅದು ನನ್ನ ಪಾಪ, ನಿಮ್ಮದಲ್ಲ. ಅದನ್ನ ಕೇಳೋಕೆ ಬಂದಿಲ್ಲ ನಾನು."

"ಮತ್ತೆ?"

ಆಕೆ ಚಿತ್ರವನ್ನು ನನ್ನ ಮೇಜಿನ ಮೇಲೆ ಹರಡಿ ಅಂಗೈಯಲ್ಲಿ ಸವರಿದಳು. "ಕ್ಯಾಲೆಂಡರ್ ನೋಡಿ ಇಳಿಸ್ತಿದ್ದಾಗ ಪ್ರತೀಸಲ ಹತ್ತು ಕೊಟ್ರಿ. ಕಣ್ಣಿಗೆ ಕಂಡಿದ್ದನ್ನ ಕಂಡ ಹಾಗೇ ಬಿಡಿಸಬೇಕು ಅಂತ ನೀವು ಹೇಳಿದ್ರಂತೆ, ಮಗಳು ಹೇಳಿದ್ಲು. ಅದು ಕೇಳಿ ನಂಗೆ ಮೂರು ದಿನ ನಿದ್ದೆ ಬರ್ಲಿಲ್ಲ. ಇಲ್ಲಿತನಕ ಇಳಿಸ್ತಾನೇ ಇದ್ದೆ, ಇದನ್ನ ಮಾತ್ರ ನೋಡ್ಕೊಂಡು ಬಿಡಿಸ್ದೆ. ಇದಕ್ಕೆ ಸೊನ್ನೆ ಕೊಟ್ಟಿದೀರಿ. ಎಲ್ಲಿ ತಪ್ಪಿದೆ, ಹೇಳಿಕೊಡಿ ಮೇಷ್ಟ್ರೇ."

ಸೊನ್ನೆ ಚಿತ್ರಕ್ಕಲ್ಲ, ಮೋಸಕ್ಕೆ ಎಂದು ಹೇಳಲು ಬಾಯಿ ತೆರೆದೆ. ಚಿತ್ರದ ಮೇಲೆ ಮತ್ತೆ ಕಣ್ಣು ಬಿತ್ತು. ಹತ್ತೊಂಬತ್ತು ವರ್ಷದಲ್ಲಿ ನಾನು ಹೇಳಿದ್ದನ್ನು ಹೇಳಿದ ಹಾಗೇ ಮಾಡಿದವಳು ಇವಳೊಬ್ಬಳೇ. ಇವಳ ಹೆಸರು ಬರೆಯಲು ನನ್ನ ಅಂಕಪಟ್ಟಿಯಲ್ಲಿ ಜಾಗವಿಲ್ಲ. ಹೊಗಳಿ ಕಳಿಸಿಬಿಡೋಣ ಎನಿಸಿತು. ಆದರೆ ಆಕೆ ಹೊಗಳಿಕೆ ಕೇಳಲು ಬಂದಿರಲಿಲ್ಲ, ಕಲಿಯಲು ಬಂದಿದ್ದಳು. ಕುರ್ಚಿಯನ್ನು ಎಳೆದುಕೊಂಡು ಚಿತ್ರದ ಮೇಲೆ ಬಾಗಿದೆ.

"ಇಲ್ಲಿ ನೋಡಿ, ಈ ದೊಡ್ಡ ಪಾತ್ರೆ. ಇದರ ಬಾಯಿ ಮೇಲಿಂದ ನೋಡಿದ ಹಾಗಿದೆ, ತಳ ಮಾತ್ರ ಸಮಕ್ಕೆ ಕೂತ್ಕೊಂಡು ನೋಡಿದ ಹಾಗೆ ನೇರ ಇದೆ. ಎರಡೂ ಒಟ್ಟಿಗೆ ಕಾಣೋಕೆ ಸಾಧ್ಯಾನಾ?"

ಆಕೆ ಕಣ್ಣು ಕಿರಿದು ಮಾಡಿ ನೋಡಿದಳು. ಮುಖ ಅರಳಿತು. "ಅಯ್ಯೋ ಹೌದಲ್ಲಾ! ಬಾಯಿ ಬಿಡಿಸುವಾಗ ನಿಂತಿದ್ದೆ. ಆಮೇಲೆ ಕಾಲು ನೋವು ಅಂತ ಕೂತ್ಕೊಂಡೆ."

"ಹಾಗಾದ್ರೆ ತಳಾನೂ ಬಾಗಬೇಕು. ತಗೊಳ್ಳಿ, ತಿದ್ದಿ."

ಪೆನ್ಸಿಲ್ ಕೊಟ್ಟೆ. ಆಕೆ ಬಾಗಿ ಒಂದೇ ಗೆರೆ ಎಳೆದಳು. ಪಾತ್ರೆ ನೆಲದ ಮೇಲೆ ಸರಿಯಾಗಿ ಕೂತಿತು. ನಾನು ಗಿರಣಿಯ ನೆರಳು ತಪ್ಪಾಗಿದೆಯೆಂದು ತೋರಿಸಿದೆ, ಆಕೆ ಅದಕ್ಕೆ ವಾದಿಸಿದಳು. ತನ್ನ ಮನೆಯ ಬಾಗಿಲು ಎಲ್ಲಿದೆಯೆಂದು ನನಗಿಂತ ತನಗೇ ಚೆನ್ನಾಗಿ ಗೊತ್ತು ಎಂದಳು. ಆಕೆ ಹೇಳಿದ್ದೇ ಸರಿ. ಇಂಥ ಪಾಠ ನಾನು ಎಂದೂ ಮಾಡಿರಲಿಲ್ಲ. ಎಷ್ಟು ಹೊತ್ತು ಕಳೆಯಿತೋ, ಹನ್ನೆರಡರ ಗಂಟೆ ಬಾರಿಸಿತು.

ತಲೆಯೆತ್ತಿದರೆ ನಾಯೆಲಿ ಬಾಗಿಲಲ್ಲಿದ್ದಳು. ಯಾವಾಗಿಂದ ನಿಂತಿದ್ದಳೋ ಕಾಣೆ.

"ಮೇಷ್ಟ್ರೇ, ನಂದೆಷ್ಟಾಯ್ತು?"

ಅಂಕಪಟ್ಟಿ ಮೇಜಿನ ಮೇಲೇ ಇತ್ತು. ಅವಳ ಹೆಸರಿನ ಮುಂದೆ ಏಳು ಬರೆಯಲು ಒಂದು ಕ್ಷಣ ಸಾಕಿತ್ತು, ಕೇಳುವವರು ಯಾರೂ ಇರಲಿಲ್ಲ. ಹಾಗೆ ಬರೆದು ಬರೆದೇ ಈ ಹುಡುಗಿಗೆ ಒಂದು ಗೆರೆ ಎಳೆಯಲು ಬಾರದ ಹಾಗೆ ಮಾಡಿದ್ದೆ.

"ನಾಲ್ಕು," ಎಂದೆ.

"ಬಾವುಟ ಆನ್ಹೆಲೊಗಾ?"

"ಹೌದು ಮಗಳೇ."

ಅವಳು ಅಳುತ್ತಾಳೆಂದುಕೊಂಡೆ, ಅಳಲಿಲ್ಲ. ಮೇಜಿನ ಮೇಲೆ ಹರಡಿದ್ದ ಚಿತ್ರವನ್ನು ನೋಡಿದಳು. ತಾಯಿಯ ಕೈಯಲ್ಲಿದ್ದ ನನ್ನ ಪೆನ್ಸಿಲನ್ನು ನೋಡಿದಳು.

"ಅಮ್ಮಂಗೆಷ್ಟು ಕೊಟ್ರಿ?"

ದೋನ್ಯಾ ತಾರ್ಹೇಲಿಯಾ ಪೆನ್ಸಿಲನ್ನು ಮೇಜಿನ ಮೇಲೆ ಇಟ್ಟುಬಿಟ್ಟಳು.