ಒದ್ದೆ ಕೈಯ ಗಾಳಿ

ನಾನು ಒಂದು ಗ್ಯಾಸ್‌ಲೈಟು. ಗ್ಯಾಸಿಗೂ ನನಗೂ ಸಂಬಂಧವಿಲ್ಲ. ಕುಡಿಯುವುದು ಸೀಮೆಎಣ್ಣೆ, ಉಸಿರಾಡುವುದು ಜನ ಪಂಪು ಹೊಡೆದು ತುಂಬಿದ ಗಾಳಿ. ಹೆಸರಿಟ್ಟವರನ್ನೇ ಕೇಳಬೇಕು. ಮುಂಬೈಯ ಕಾರ್ಖಾನೆಯೊಂದರಲ್ಲಿ ಹಿತ್ತಾಳೆ ತಗಡಿನಿಂದ ನನ್ನ ಹೊಟ್ಟೆ ಮಾಡಿ, ಒಳಗೆ ಗಾಳಿ ಎಷ್ಟಿದೆಯೆಂದು ತೋರಿಸಲು ಪುಟ್ಟ ಮುಳ್ಳೊಂದನ್ನು ಕೂಡಿಸಿದರು. ನನ್ನ ಕಥೆಯೆಲ್ಲ ಆ ಮುಳ್ಳಿನದೇ.

ಮೊದಲು ಜಮಖಂಡಿಯ ಬಾಡಿಗೆ ಅಂಗಡಿಯಲ್ಲಿದ್ದೆ. ಮದುವೆ ಮೆರವಣಿಗೆಗಳಲ್ಲಿ ಹೆಂಗಸರ ತಲೆಯೇರಿ ಊರೂರು ತಿರುಗಿದೆ. ಮದುಮಗನಿಗಿಂತ ನನ್ನ ಠೀವಿಯೇ ಹೆಚ್ಚು. ಕರೆಂಟು ಬಂತು, ಠೀವಿ ಇಳಿಯಿತು. ಆಗ ಕೃಷ್ಣೆಯ ದಂಡೆಯ ಅಂಬಿಗ ದುರಗಪ್ಪ ನನ್ನನ್ನು ಕೊಂಡ. ಹೊತ್ತು ಮುಳುಗುವಾಗ ನನ್ನನ್ನು ಹಚ್ಚಿ ದಂಡೆಯ ಕಂಬಕ್ಕೆ ತೂಗುಹಾಕುತ್ತಿದ್ದ. ಹರಿಗೋಲು ತಿರುಗಿ ಬರಲು ನಾನೇ ಗುರುತು. ಅವನ ಕೈ ಯಾವಾಗಲೂ ಒದ್ದೆ. ಪಂಪು ಹೊಡೆಯುವ ರೀತಿಯೂ ಅವನದೇ: ಎರಡು ಗಿಡ್ಡ, ಒಂದು ಉದ್ದ. ಕೊನೆಗೆ ಮುಳ್ಳಿನ ಗಾಜನ್ನು ಹೆಬ್ಬೆರಳಿನಿಂದ ಒರೆಸುವನು.

ಒಂದು ನಾಗರ ಅಮಾವಾಸ್ಯೆಯ ಸಂಜೆ, ಹೊಳೆ ತುಂಬಿದ್ದಾಗ, ಆಚೆ ದಂಡೆಯಿಂದ ಯಾರೋ ಕೂಗಿದರು. ದುರಗಪ್ಪ ನನ್ನನ್ನು ಹಚ್ಚಿಟ್ಟು ಹೋದ. ಹರಿಗೋಲೂ ಸಿಗಲಿಲ್ಲ, ಹೆಣವೂ ಸಿಗಲಿಲ್ಲ. ಬೆಳಗ್ಗೆ ಅವನ ಹೆಂಡತಿ ತಿಪ್ಪವ್ವ ಎಣ್ಣೆಯ ಕಿವಿ ತಿರುಗಿಸಿ ನನ್ನನ್ನು ಆರಿಸಿದಳು, ಆದರೆ ಗಾಳಿ ಬಿಡುವ ತಿರುಪನ್ನು ಮುಟ್ಟಲಿಲ್ಲ.

“ಅವರ ಕೈಲೆ ಹೊಡದ ಗಾಳಿ ಐತಿ ಇದರಾಗ. ಮುಳ್ಳು ಇಳಿಯೂತನಕ ಅವರು ಅದಾರ,” ಅಂದಳು.

ಮನೆಯ ಗೋಡೆಯ ಗೂಡಿನಲ್ಲಿ ನನ್ನನ್ನಿಟ್ಟು, ದಿನಾ ಮುಳ್ಳು ನೋಡಿದ ಮೇಲೆಯೇ ಹಣೆಗೆ ಕುಂಕುಮ ಹಚ್ಚಿಕೊಳ್ಳುವಳು.

ಮುಳ್ಳು ಇಳಿಯದೆ ಏನು? ಇಳಿಯುತ್ತಿತ್ತು. ಕೂದಲೆಳೆಯಷ್ಟು ಇಳಿದ ದಿನ, ನಡು ಮಧ್ಯಾಹ್ನ, ತಿಪ್ಪವ್ವ ಕೂಲಿಗೆ ಹೋದಾಗ, ಹಾಕಿದ ಚಿಲಕ ಹಾಕಿದಂತೆಯೇ ಇರುವಾಗ, ಒದ್ದೆ ಕೈಯೊಂದು ನನ್ನನ್ನು ಹಿಡಿಯುತ್ತಿತ್ತು. ಎರಡು ಗಿಡ್ಡ, ಒಂದು ಉದ್ದ. ಆಮೇಲೆ ಗಾಜಿನ ಮೇಲೆ ತಣ್ಣನೆಯ ಹೆಬ್ಬೆರಳು. ನಾನು ಹೆದರಿದೆ ಎಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಸಂಜೆ ಅವಳು ಬರುವಷ್ಟರಲ್ಲಿ ಒದ್ದೆಯಾದ ನೆಲ ಆರಿರುತ್ತಿತ್ತು.

ಹೀಗೆ ಹತ್ತೊಂಬತ್ತು ವರ್ಷ. ನನ್ನ ತಳ ಕಿಲುಬು ಹಿಡಿದು ಎಣ್ಣೆ ಜಿನುಗತೊಡಗಿತು. ತಿಪ್ಪವ್ವ ಗಾಬರಿಯಾಗಿ ನನ್ನನ್ನು ಹಳೇ ಸೀರೆಯಲ್ಲಿ ಸುತ್ತಿ ಜಮಖಂಡಿಯ ದಸ್ತಗೀರಸಾಬನ ಹತ್ತಿರ ಒಯ್ದಳು. ಸ್ಟೋವು, ಲೈಟು ರಿಪೇರಿ ಮಾಡುವ ಮುದುಕ. ಬೇರೆಯವರಂತೆ ಮೊದಲೇ ತಿಕ್ಕಿ ತಿಕ್ಕಿ ಫಳಫಳ ಮಾಡುವವನಲ್ಲ. “ಉಸಿರು ಮೊದಲು, ಹೊಳಪು ಆಮ್ಯಾಲೆ” ಅನ್ನುವವನು.

“ಒಳಗಿನ ಗಾಳಿ ಹೊರಗ ಬಿಡಲಾರದ, ತಳಕ್ಕ ಬೆಸಿಗಿ ಹಾಕಿಕೊಡ್ರಿ,” ಅಂದಳು ತಿಪ್ಪವ್ವ.

“ಆಗೂದಿಲ್ಲವಾ. ಗಾಳಿ ಇದ್ದ ಟಾಕಿಗೆ ಬೆಂಕಿ ತೋರಿಸಿದ್ರ ಇದೂ ಉಳಿಯೂದಿಲ್ಲ, ನಾನೂ ಉಳಿಯೂದಿಲ್ಲ. ಹಂಗ ಬಿಟ್ರ ಇವತ್ತಿಲ್ಲ ನಾಳೆ ತಳಾ ಒಡೀತೈತಿ.”

ಮುದುಕ ಪಂಪಿನ ಸಲಾಕೆ ಹೊರಗೆಳೆದ. ಅದರ ಚರ್ಮದ ವಾಷರು ಅವನ ಅಂಗೈಯಲ್ಲಿ ಪುಡಿಯಾಗಿ ಉದುರಿತು. ಉಗುರಿನಿಂದ ಮುಳ್ಳಿನ ಗಾಜು ಬಡಿದ. ಮುಳ್ಳು ಅಂಟಿಕೊಂಡಿರಲಿಲ್ಲ, ನಡುಗಿತು; ಒಳಗೆ ಗಾಳಿ ಇದ್ದದ್ದು ನಿಜ.

“ಈ ಚರ್ಮಾ ಸತ್ತು ಹತ್ತು ವರ್ಷ ಆಗಿರಬೇಕು. ಇದರಿಂದ ಗಾಳಿ ಒಳಗ ಹೋಗೂದಿಲ್ಲ. ಮುಚ್ಚಳದ ರಬ್ಬರೂ ಬಿರಕ ಬಿಟ್ಟೈತಿ, ಒಳಗಿನ ಗಾಳಿ ನಾಕು ದಿನ ನಿಲ್ಲೂದಿಲ್ಲ. ಯಾರು ಹೊಡದಾರವಾ ಇದನ್ನ?”

ಕೇಳುತ್ತಲೇ ನನ್ನನ್ನು ಬಗ್ಗಿಸಿದ. ಪಂಪಿನ ಕೊಳವೆಯಿಂದ ಒಂದು ಗುಟುಕು ನೀರು ನೆಲಕ್ಕೆ ಬಿತ್ತು. ಕೆಂಪು ನೀರು, ತುಂಬಿದ ಹೊಳೆಯದು. ಹೊರಗೆ ಬೇಸಿಗೆಯ ಬಿಸಿಲು ಸುಡುತ್ತಿತ್ತು.

ತಿಪ್ಪವ್ವ ಆ ನೀರಿನಲ್ಲಿ ಬೆರಳದ್ದಿ ಮೂಸಿದಳು.

“ನಾ ಮುಳ್ಳು ನೋಡಕೋತ ಕುಂತೆ. ಅವರು ಹೊಳಿಯಿಂದ ಎದ್ದೆದ್ದು ಬಂದ್ರು. ಸತ್ತ ಮ್ಯಾಲೂ ಮಲಗಾಕ ಬಿಡಲಿಲ್ಲ ನಾ ಅವರನ್ನ,” ಅಂದಳು.

ತಿರುಪನ್ನು ಅವಳೇ ತಿರುಗಿಸಿದಳು. ನನ್ನೊಳಗಿನ ಗಾಳಿ ಸುಯ್ಯೆಂದು ಹೊರಟಿತು. ಅದರಲ್ಲಿ ದುರಗಪ್ಪನ ಬೀಡಿಯ ವಾಸನೆಯಿತ್ತು. ಮುಳ್ಳು ಸೊನ್ನೆಗೆ ಬಂದು ನಿಂತಾಗ ದಸ್ತಗೀರಸಾಬ ತಲೆಯ ಟೋಪಿ ಸರಿಮಾಡಿಕೊಂಡು, ಅಂಗೈ ಎತ್ತಿ ದುವಾ ಮಾಡಿದ.

ಅವನು ನನ್ನ ತಳಕ್ಕೆ ಬೆಸುಗೆ ಹಾಕಿದ. ಹೊಸ ಚರ್ಮವನ್ನು ಎಣ್ಣೆಯಲ್ಲಿ ನೆನೆಸಿ ಕೂಡಿಸಿದ, ಮುಚ್ಚಳದ ರಬ್ಬರು ಬದಲಿಸಿದ, ಬಕೆಟ್ಟಿನ ನೀರಲ್ಲಿ ಮುಳುಗಿಸಿ ಗುಳ್ಳೆ ಬರುತ್ತವೆಯೋ ಎಂದು ಎರಡೆರಡು ಸಲ ನೋಡಿದ. ಮುಳ್ಳಿನ ಗಾಜಿನ ಅಂಚಿನ ಹಿತ್ತಾಳೆಯಲ್ಲಿ ಒಂದು ಹೆಬ್ಬೆರಳಿನ ಸವಕಳಿಯಿತ್ತು. ಅದನ್ನು ತಿಕ್ಕಲಿಲ್ಲ.

ಆ ಸಂಜೆ ತಿಪ್ಪವ್ವ ನನ್ನನ್ನು ದಂಡೆಗೆ ಒಯ್ದು ಮೊದಲ ಸಲ ತಾನೇ ಪಂಪು ಹೊಡೆದಳು, ಅಡ್ಡಾದಿಡ್ಡಿ. ನಾನು ಹತ್ತಿಕೊಂಡೆ. ಅವಳು ನೀರಿನ ಕಡೆ ತಿರುಗಿ, “ಇನ್ನ ನೀವು ಬರೂದು ಬ್ಯಾಡ. ನಾ ಹೊಡೀತೇನಿ. ಮಲಕೋರಿ,” ಅಂದಳು.

ಈಗ ನಾನು ಅದೇ ಗೂಡಿನಲ್ಲಿದ್ದೇನೆ. ಸಂಜೆ ತಿಪ್ಪವ್ವ ಹಚ್ಚುತ್ತಾಳೆ, ಬೆಳಗ್ಗೆ ಗಾಳಿ ಬಿಡುತ್ತಾಳೆ; ಹಗಲೆಲ್ಲ ಮುಳ್ಳು ಸೊನ್ನೆಯಲ್ಲಿರುತ್ತದೆ. ಮಧ್ಯಾಹ್ನ ಯಾರೂ ಬರುವುದಿಲ್ಲ. ಹೆದರಿಕೆ ಹೋಯಿತು, ಆದರೂ ಒಬ್ಬನೇ ಆದೆ ಎನಿಸುತ್ತದೆ. ತಿಪ್ಪವ್ವ ಈಗ ಮುಳ್ಳು ನೋಡದೆಯೇ ಕುಂಕುಮ ಹಚ್ಚಿಕೊಳ್ಳುತ್ತಾಳೆ.

ಕಳೆದ ನಾಗರ ಅಮಾವಾಸ್ಯೆಯ ಸಂಜೆ ಅವಳು ಪಂಪು ಹೊಡೆದಳು. ಎರಡು ಗಿಡ್ಡ, ಒಂದು ಉದ್ದ. ಗಾಜನ್ನು ಹೆಬ್ಬೆರಳಿನಿಂದ ಒರೆಸಿದಳು. ನಾನು ಬೆಚ್ಚಿಬಿದ್ದೆ. ಆದರೆ ಆ ಕೈ ಒಣಗಿತ್ತು, ಬೆಚ್ಚಗಿತ್ತು.